ಕಾಸರಗೋಡಿನ ಕನ್ನಡ ಶಾಲೆ, ಮತ್ತು ಮಲಯಾಳದ ನೋಟಿಸು

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಕೇರಳದಲ್ಲಿದ್ದುಕೊಂಡು ಮಗಳನ್ನು ಕನ್ನಡ ಶಾಲೆಗೆ ಯಾಕೆ ಹಾಕಿದೆ? ಯಾವಾಗ ನೋಡಿದರೂ ಪಿಟಿಎ (ಹೆತ್ತವರ-ಅಧ್ಯಾಪಕರ ಸಂಘ) ಮೀಟಿಂಗ್ ಅಂತೀಯ, ಶಾಲೆ ಕೆಲಸ ಶಾಲೆಯವರೇ ನೋಡಿಕೊಳ್ಳಲ್ವಾ?" ಅಂತ. ಅವಸರದಲ್ಲಿ ಏನೋ ಹೇಳಿ ಇಟ್ಟೆ. ಈಗ ಸರಿಯಾಗಿ ಹೇಳುತ್ತೇನೆ.

ನಾವು ಕೇರಳಕ್ಕೆ ಬಂದು ನೆಲೆಸಿದವರಲ್ಲ ಮಾರಾಯ. ಕಾಸರಗೋಡು ಮೊದಲು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿಯೂ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸುವ ವ್ಯವಸ್ಥೆ ಇರಬೇಕು ಅಂತ ಅದು ಹೇಳುತ್ತದೆ. ನನ್ನ ಅಜ್ಜ ಕಲಿತ ಶಾಲೆಯಲ್ಲೇ ಮಗಳು ಕಲಿಯುತ್ತಿದ್ದಾಳೆ. ಅಲ್ಲಿ ಮಲಯಾಳವನ್ನೂ ಕಲಿಯುತ್ತಾಳೆ, ಅದರ ಬಗ್ಗೆ ನಮಗೆ ತಕರಾರಿಲ್ಲ.

ಇಲ್ಲಿ ಒಂದರಿಂದ ನಾಲ್ಕನೇ ಕ್ಲಾಸು ಎಲ್‌ಪಿ, ಅಂದರೆ ಕಿರಿಯ ಪ್ರಾಥಮಿಕ; ಐದರಿಂದ ಏಳು ಯುಪಿ, ಅಂದರೆ ಹಿರಿಯ ಪ್ರಾಥಮಿಕ. ಜೂನಿನಲ್ಲಿ ಪ್ರವೇಶೋತ್ಸವ, ಮಧ್ಯಾಹ್ನ ಊಟ, ಪಿಟಿಎ, ತಾಯಂದಿರದ್ದೇ ಪಿಟಿಎ ಆದ ಎಂಪಿಟಿಎ. ನಿಮ್ಮ ಕರ್ನಾಟಕದ ಶಾಲೆಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನೋಡಿದವರಿಗೆ ಇದೆಲ್ಲ ಹೊಸದಲ್ಲ.

ನಮ್ಮ ತಲೆನೋವು ನೋಟಿಸಿನದು. ಮೇಲಿನ ಆಫೀಸಿಂದ ಬರುವ ಸುತ್ತೋಲೆ ಮಲಯಾಳದಲ್ಲಿರುತ್ತದೆ. ಅದೇ ಪಿಡಿಎಫ್ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬಂದು ಬೀಳುತ್ತದೆ. ವಿದ್ಯಾರ್ಥಿವೇತನದ ಅರ್ಜಿಯೂ ಹಾಗೇ. ಇಲ್ಲಿನ ಎಷ್ಟೋ ತಾಯಂದಿರು ಪುತ್ತೂರು, ಸುಳ್ಯ, ವಿಟ್ಲದ ಕಡೆಯಿಂದ ಮದುವೆಯಾಗಿ ಬಂದವರು. ಪದವಿ ಓದಿದವರಿದ್ದಾರೆ, ಆದರೆ ಮಲಯಾಳ ಅಕ್ಷರ ಗೊತ್ತಿಲ್ಲ. ಮಕ್ಕಳ ಹೋಂವರ್ಕ್ ನೋಡುವವರು, ಮೀಟಿಂಗಿಗೆ ಬರುವವರು ಹೆಚ್ಚಾಗಿ ಅವರೇ. ತೋರಿಸಿದ ಕಡೆ ಸಹಿ ಹಾಕುತ್ತಾರೆ, ಸುಮ್ನೆ ಕೂತಿರುತ್ತಾರೆ. ಆಮೇಲೆ "ಹೆತ್ತವರಿಗೆ ಆಸಕ್ತಿಯೇ ಇಲ್ಲ" ಅನ್ನುವ ಮಾತು ಬರುತ್ತದೆ. ಇದನ್ನು ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಓದಲಾಗದ ಕಾಗದದ ಮೇಲೆ ಯಾರಾದರೂ ಏನು ಪ್ರಶ್ನೆ ಕೇಳಬೇಕು?

ಕನ್ನಡವೇ ಗೊತ್ತಿಲ್ಲದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದಾಗಲಂತೂ ಕೇಳುವುದೇ ಬೇಡ. ಪಾಠ ಮಗುವಿಗೆ ಅರ್ಥವಾಗುವುದಿಲ್ಲ, ಅದನ್ನು ಹೇಳಲು ಹೋದ ತಾಯಿಯ ಮಾತು ಅಧ್ಯಾಪಕರಿಗೆ ಅರ್ಥವಾಗುವುದಿಲ್ಲ. ಹಾಗಾಗಿಯೇ ಜಿಲ್ಲೆಯಲ್ಲಿ ಹೆತ್ತವರು ಶಾಲೆಯ ಮುಂದೆ ಪ್ರತಿಭಟನೆಗೆ ಇಳಿದದ್ದು. ಅದು ಆ ಅಧ್ಯಾಪಕರ ಮೇಲಿನ ದ್ವೇಷದಿಂದಲ್ಲ.

ಈಗ ನಮ್ಮಲ್ಲಿ ಎರಡೂ ಲಿಪಿ ಬಲ್ಲವರು ನೋಟಿಸನ್ನು ಕನ್ನಡದಲ್ಲಿ ಹೇಳಿ ಗ್ರೂಪಿಗೆ ವಾಯ್ಸ್ ಹಾಕುತ್ತೇವೆ. ಅರ್ಜಿಯನ್ನು ಮೀಟಿಂಗಿನಲ್ಲಿ ಎಲ್ಲರಿಗೂ ಓದಿ ಹೇಳಿದ ಮೇಲೆಯೇ ಸಹಿ. ಕ್ಲಾಸ್ ಪಿಟಿಎಯಲ್ಲಿ ಹಣದ ಮಾತು ಕೊನೆಗೆ, ಮೊದಲು ಮಕ್ಕಳ ನೋಟ್‌ಬುಕ್ ಬಿಡಿಸಿ ನೋಡುವುದು. ಟೀಚರ್ ಕೂಡ ಕೇಳುತ್ತಾರೆ, ಮನೆಯಲ್ಲಿ ಯಾವ ಮಾತು ಅಂತ. ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ, ಒಂದೇ ಬೆಂಚಿನಲ್ಲಿ ಎಲ್ಲ ಇರುತ್ತದೆ. ಒಂದನೇ ಕ್ಲಾಸಿನ ಒಂದು ಹುಡುಗ ಬಾಯಿಯೇ ಬಿಡುತ್ತಿರಲಿಲ್ಲ. ಮನೆಯಲ್ಲಿ ಬರೀ ತುಳು ಅಂತ ಅವನಮ್ಮ ಹೇಳಿದರು. ಟೀಚರ್ ತುಳುವಿನಲ್ಲಿ ಕೇಳಲು ಶುರುಮಾಡಿದರು. ಅವನ ಮಾತು ಈಗ ನಿಲ್ಲುವುದೇ ಇಲ್ಲ! ತಾಯಿ ಬಂದು ಹೇಳದಿದ್ದರೆ ಹುಡುಗ ದಡ್ಡ ಅಂತಲೇ ಲೆಕ್ಕವಾಗುತ್ತಿತ್ತು.

ಇನ್ನೊಂದು ಭಯವೂ ಇದೆ. ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಕಡಿಮೆಯಾದರೆ ಡಿವಿಜನ್ (ಕ್ಲಾಸಿನ ಒಂದು ವಿಭಾಗ) ಹೋಗುತ್ತದೆ, ಅಧ್ಯಾಪಕರ ಹುದ್ದೆಯೂ ಹೋಗುತ್ತದೆ. ಅದಕ್ಕೇ ಮೇ ತಿಂಗಳ ಬಿಸಿಲಿನಲ್ಲಿ ಟೀಚರ್‌ಗಳೂ ನಾವೂ ಒಟ್ಟಿಗೆ ಮನೆಮನೆಗೆ ಹೋಗುತ್ತೇವೆ. ಇಂಗ್ಲಿಷ್ ಮೀಡಿಯಂ ಬಸ್ಸು ಅಂಗಳದವರೆಗೆ ಬರುವ ಕಾಲದಲ್ಲಿ ಇದು ಸುಲಭದ ಕೆಲಸ ಅಲ್ಲ.

"ಅಷ್ಟು ಕಷ್ಟವಾದರೆ ಮಲಯಾಳ ಮೀಡಿಯಂಗೆ ಹಾಕು" ಅಂತಲೂ ಅಂದೆ. ನನಗೆ ಬೇಸರವಾದದ್ದು ಅದಕ್ಕೇ. ಕನ್ನಡಿಗರು ಕನ್ನಡದಲ್ಲೇ ಸರಕಾರಕ್ಕೆ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಕೊಡಬೇಕು ಅಂತ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ನಾವು ಯಾರ ಹತ್ತಿರವೂ ದಾನ ಕೇಳುತ್ತಿಲ್ಲ.

ಮುಂದಿನ ಎಂಪಿಟಿಎಯಲ್ಲಿ, ನೋಟಿಸು ಮತ್ತು ಅರ್ಜಿ ಕನ್ನಡದಲ್ಲೂ ಬೇಕು ಅಂತ ಬರೆದು ಎಲ್ಲ ತಾಯಂದಿರ ಸಹಿ ತೆಗೆದುಕೊಳ್ಳುತ್ತಿದ್ದೇವೆ. ಎಇಒ (ಉಪಜಿಲ್ಲಾ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಡಲು ಹೆಡ್‌ಮಾಸ್ಟ್ರೂ ನಮ್ಮ ಜೊತೆ ಬರುತ್ತಾರೆ.