ಪಾದ ನೇರ ಆಯ್ತಲ್ಲ, ಇನ್ನೂ ಬ್ರೇಸ್ ಹಾಕಲೇಬೇಕಾ?

ದಯವಿಟ್ಟು ನಿಲ್ಲಿಸಬೇಡಿ. ಎಂಟು ತಿಂಗಳ ಮಗನಿಗೆ ಸೊಟ್ಟಪಾದದ ಪ್ಲಾಸ್ಟರ್ ಎಲ್ಲ ಮುಗಿದಿದೆ, ಪಾದ ನೋಡೋಕೆ ಸರಿಯಾಗೇ ಇದೆ, ರಾತ್ರಿ ಬೂಟು ಕಟ್ಟಿದರೆ ಅಳ್ತಾನೆ, ಅತ್ತೆ ‘ಪಾಪ, ಬಿಚ್ಚಿಬಿಡು’ ಅಂತಾರೆ ಅಂತ ಬರೆದಿದ್ದೀರಿ. ನನ್ನ ಮಗಳಿಗೂ ಹುಟ್ಟುವಾಗಲೇ ಎರಡೂ ಪಾದ ಒಳಕ್ಕೆ ತಿರುಗಿದ್ದವು. ನಾಲ್ಕು ವರ್ಷ ತುಂಬುವವರೆಗೂ ಬ್ರೇಸ್ ಹಾಕಿದೆವು.

ಪಾದವನ್ನು ತಿದ್ದಿದ್ದು ಪ್ಲಾಸ್ಟರ್. ಅದು ಮತ್ತೆ ತಿರುಗದಂತೆ ಹಿಡಿದಿಡೋದು ಬ್ರೇಸ್, ಅಂದರೆ ಒಂದು ಬಾರ್‌ಗೆ (ಅಡ್ಡಪಟ್ಟಿಗೆ) ಜೋಡಿಸಿದ ಎರಡು ಬೂಟು. ಮೊದಲ ಕೆಲವು ವರ್ಷ ಪಾದ ಬೇಗ ಬೆಳೆಯುತ್ತೆ, ಒಳಗಿನ ಎಳೆತ ಇನ್ನೂ ಹೋಗಿರಲ್ಲ. ಅದಕ್ಕೇ, ಪ್ಲಾಸ್ಟರ್ ಮತ್ತು ಬ್ರೇಸ್‌ನಿಂದ ಸೊಟ್ಟಪಾದ ಸರಿಮಾಡುವ ಡಾಕ್ಟರ್ ಪೊನ್ಸೆಟಿ ಅವರ ಪದ್ಧತಿಯಲ್ಲಿ, ಪ್ಲಾಸ್ಟರ್ ಮುಗಿದ ಮೇಲೆ ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ರಾತ್ರಿ ಮತ್ತು ಹಗಲು ನಿದ್ದೆ ಸೇರಿ 12ರಿಂದ 14 ಗಂಟೆ ಹಾಕಬೇಕು ಅಂತಾರೆ. ಸರಿಹೋದ ಪಾದ ಮತ್ತೆ ಸೊಟ್ಟಗಾಗೋಕೆ ಮುಖ್ಯ ಕಾರಣವೇ ಬ್ರೇಸ್ ಬಿಡೋದು.

ಇನ್ನು ಅಳುವಿನ ವಿಷಯ. ಮೊದಲು ಕಾಲು ನೋಡಿ. ಬೂಟು ಬಿಚ್ಚಿದಾಗ ಸ್ವಲ್ಪ ಕೆಂಪಾಗಿದ್ದು ಬೇಗ ಮಾಯವಾದರೆ ಚಿಂತೆಯಿಲ್ಲ. ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದ್ದರೆ ಬೂಟು ಸಡಿಲ ಇದೆ, ಹಿಮ್ಮಡಿ ಮೇಲೆ ಕೆಳಗೆ ಜಾರಿ ಉಜ್ಜುತ್ತಿದೆ ಅಂತ ಅರ್ಥ. ಹಾಗಿದ್ದರೆ ಕ್ಲಿನಿಕ್‌ನಲ್ಲಿ ತೋರಿಸಿ. ಗುಳ್ಳೆ ಕಂಡರೆ ಮನೆಯಲ್ಲಿ ಎಲ್ಲರೂ ಪಟ್ಟಿ ಸಡಿಲ ಮಾಡ್ತಾರೆ, ಅದರಿಂದ ಇನ್ನೂ ಜಾಸ್ತಿ ಆಗುತ್ತೆ. ಕೆಂಪಾದ ಕಡೆ ಎಣ್ಣೆ, ಕ್ರೀಮ್ ಹಚ್ಚಬೇಡಿ. ತೆಳು ಕಾಟನ್ ಸಾಕ್ಸ್ ಹಾಕಿ, ಮಂಡಿ ಮಡಚಿ ಹಿಮ್ಮಡಿಯನ್ನು ಬೂಟಿನ ತಳಕ್ಕೆ ಕೂರಿಸಿ, ಕಾಲಿನ ಗಂಟಿನ ಮುಂದೆ ಬರೋ ಮಧ್ಯದ ಪಟ್ಟಿಯನ್ನು ಮೊದಲು ಬಿಗಿ ಮಾಡಿ, ದಾರ ಆಮೇಲೆ. ಬೂಟಿನ ಹಿಂದೆ ಸಣ್ಣ ಕಿಂಡಿ ಇದ್ದರೆ ಅದರಲ್ಲಿ ಹಿಮ್ಮಡಿ ಕಾಣಬೇಕು. ನಾವು ಪಟ್ಟಿಯ ಸರಿಯಾದ ತೂತಿಗೆ ಪೆನ್ನಿನಲ್ಲಿ ಗುರುತು ಹಾಕಿದ್ದೆವು, ಯಾರು ಕಟ್ಟಿದರೂ ಅಷ್ಟೇ ಬಿಗಿ ಬರುತ್ತಿತ್ತು. ಬಾರ್ ಮಗುವಿನ ಭುಜದಷ್ಟು ಅಗಲ ಇದೆಯಾ ಅಂತಲೂ ನೋಡಿಸಿ, ಗಿಡ್ಡವಾದರೆ ಮಕ್ಕಳಿಗೆ ಹಿಂಸೆ.

ಇದೆಲ್ಲ ಸರಿಯಿದ್ದೂ ಅತ್ತರೆ ಅದು ಹೆಚ್ಚಾಗಿ ಕಾಲು ಬೇರೆ ಬೇರೆ ಆಡಿಸೋಕಾಗದ ಸಿಟ್ಟು. ಬಾರ್ ಹಿಡಿದು ಎರಡೂ ಮಂಡಿ ಒಟ್ಟಿಗೆ ಮಡಚಿ ಬಿಡಿಸಿ ಆಟ ಆಡಿಸಿ, ಒಟ್ಟಿಗೆ ಒದೆಯೋದು ಕಲಿತುಬಿಡ್ತಾನೆ. ಅತ್ತ ಮಾತ್ರಕ್ಕೆ ಬಿಚ್ಚಬೇಡಿ. ಅತ್ತರೆ ಬಿಚ್ಚುತ್ತಾರೆ ಅನ್ನೋದನ್ನೂ ಅಷ್ಟೇ ಬೇಗ ಕಲೀತಾನೆ.

ನಿಮ್ಮ ಅತ್ತೆಯನ್ನು ಮುಂದಿನ ಸಲ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ನಮ್ಮ ಮನೆಯಲ್ಲೂ ಅಜ್ಜಿಯ ಕರುಳು ತಡೆಯುತ್ತಿರಲಿಲ್ಲ. ಕ್ಲಿನಿಕ್‌ನಲ್ಲಿ ಪಾದ ಮತ್ತೆ ಸೊಟ್ಟಗಾಗಿ ಎರಡನೇ ಸಲ ಪ್ಲಾಸ್ಟರ್ ಹಾಕಿಸಿಕೊಳ್ಳುತ್ತಿದ್ದ ಮಗುವನ್ನು ನೋಡಿದ ಮೇಲೆ ಬೂಟು ಕಟ್ಟೋ ಕೆಲಸ ಅವರೇ ವಹಿಸಿಕೊಂಡರು. ಸೊಸೆ ನೂರು ಸಲ ಹೇಳಿದರೂ ಆಗದ್ದು ಅದು.

ಬೂಟು ಚಿಕ್ಕದಾಗಿ ಹೊಸದಕ್ಕೆ ದುಡ್ಡಿನ ತೊಂದರೆ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಮಕ್ಕಳ ಆರೋಗ್ಯ ತಪಾಸಣೆ, ಚಿಕಿತ್ಸೆಗೆ ಇರುವ ಸರ್ಕಾರದ ಆರ್‌ಬಿಎಸ್‌ಕೆ ಯೋಜನೆಯಲ್ಲಿ ಸೊಟ್ಟಪಾದವೂ ಸೇರಿದೆ. ಈಗಾಗಲೇ ಕೆಲವು ದಿನ ಬಿಟ್ಟಿದ್ದು, ಪಾದ ಬೂಟಿನಲ್ಲಿ ಕೂರುತ್ತಿಲ್ಲ ಅಂದರೆ ಒತ್ತಿ ತುರುಕಬೇಡಿ. ಈ ವಾರವೇ ಡಾಕ್ಟರಿಗೆ ತೋರಿಸಿ, ಬೇಗ ಹೋದರೆ ಮತ್ತೆ ಪ್ಲಾಸ್ಟರಿನಲ್ಲೇ ಸರಿಹೋಗುವ ಸಾಧ್ಯತೆ ಹೆಚ್ಚು.