ಹೊಲ ಮಾರಿ ಬ್ರೆಮೆನ್‌ಗೆ ಕಳಿಸಬೇಕಾ?

ಸಂಪಾದಕರ ಉತ್ತರ

ಸೇಡಂ ತಾಲ್ಲೂಕಿನ ಓದುಗರೊಬ್ಬರ ಪತ್ರ: “ಮಗಳು ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಕಂಪ್ಯೂಟರ್ ಓದುವ ಆಸೆ. ಕಲಬುರಗಿಯ ಏಜೆಂಟರೊಬ್ಬರು ಜರ್ಮನಿಯ ಬ್ರೆಮೆನ್‌ನಲ್ಲಿರುವ ಖಾಸಗಿ ಇಂಟರ್‌ನ್ಯಾಷನಲ್ ಯೂನಿವರ್ಸಿಟಿಯ ಪುಸ್ತಕ ತೋರಿಸಿದರು. ಅದರೊಳಗೆ ನಾಲ್ಕು ರೆಸಿಡೆನ್ಷಿಯಲ್ ಕಾಲೇಜು ಇವೆಯಂತೆ, ಯಾವುದು ಬೇಕು ಈಗಲೇ ಹೇಳಿ ಅಂತಾರೆ. ನೂರಕ್ಕೂ ಹೆಚ್ಚು ದೇಶದ ಮಕ್ಕಳು ಕೂಡಿ ಇರುತ್ತಾರಂತೆ. ಮಗಳು ಆ ಫೋಟೋ ನೋಡಿದ ಮೇಲೆ ಬೇರೆ ಮಾತೇ ಆಡುತ್ತಿಲ್ಲ. ಆರು ಎಕರೆಯಲ್ಲಿ ನಾಲ್ಕು ಮಾರಿದರೆ ದುಡ್ಡು ಹೊಂದಿಸಬಹುದು. ಮಾರಲಾ? ಇಂಥ ಕಾಲೇಜು ನಮ್ಮ ಕಡೆ ಯಾಕಿಲ್ಲ?”

ಸರ್, ಮೊದಲೇ ಹೇಳಿಬಿಡುತ್ತೇನೆ: ಹೊಲ ಮಾರಬೇಡಿ. ಆದರೆ ಮಗಳಿಗೆ ಬೈಯಲೂ ಬೇಡಿ. ಅವಳು ಇಷ್ಟಪಟ್ಟದ್ದು ಒಳ್ಳೆಯ ವಸ್ತುವನ್ನೇ.

ನಾಲ್ಕು ಕಾಲೇಜಿನಲ್ಲಿ ಯಾವುದು ಒಳ್ಳೆಯದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಪಾಠ, ಪರೀಕ್ಷೆ, ಡಿಗ್ರಿ ಎಲ್ಲ ಯೂನಿವರ್ಸಿಟಿಯದು. ಕ್ರುಪ್, ಮರ್ಕೇಟರ್, ಕಾಲೇಜ್ ತ್ರೀ, ನಾರ್ಡ್‌ಮೆಟಾಲ್ ಅನ್ನುವ ಈ ನಾಲ್ಕೂ ಮಕ್ಕಳು ಇರುವ ಮನೆಗಳು. ಯಾವ ಮನೆಯಲ್ಲಿದ್ದರೂ ಓದು ಒಂದೇ.

ಹಾಗಾದರೆ ಹಾಸ್ಟೆಲ್ ಅಂತಲೇ ಅನ್ನಬಹುದಲ್ವಾ ಅಂತೀರಿ. ಪೂರ್ತಿ ಹಾಗಲ್ಲ. ನಮ್ಮ ಹಾಸ್ಟೆಲ್ ಯಾವ ಥರ ಇರುತ್ತೆ ನಿಮಗೆ ಗೊತ್ತು. ಕಾಟು, ಟ್ರಂಕು, ಗೋಡೆಗೆ ಟೈಮ್ ಟೇಬಲ್. ತಟ್ಟೆ ಹಿಡಿದು ಸಾಲು, ಸಂಜೆಯಾದರೆ ಗೇಟಿಗೆ ಬೀಗ. ವಾರ್ಡನ್ ಕೆಲಸ ಹಾಜರಿ ಹಾಕುವುದು. ರೆಸಿಡೆನ್ಷಿಯಲ್ ಕಾಲೇಜಿನಲ್ಲಿ ಒಬ್ಬ ಹಿರಿಯರು ಮನೆಯವರ ಸಮೇತ ಅಥವಾ ಒಬ್ಬರೇ ಮಕ್ಕಳ ನಡುವೆಯೇ ವಾಸ ಇರುತ್ತಾರೆ. ಫಿಸಿಕ್ಸ್ ಹುಡುಗಿ, ಅರ್ಥಶಾಸ್ತ್ರದ ಹುಡುಗ, ಮೊದಲ ವರ್ಷದವರು, ಕೊನೆಯ ವರ್ಷದವರು ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ತಮ್ಮ ಮನೆಯ ಕಾರುಬಾರು ನೋಡಲು ತಾವೇ ಮುಖಂಡರನ್ನು ಆರಿಸುತ್ತಾರೆ. ಕ್ಲಾಸಿನಲ್ಲಿ ಬಾಯಿ ಬಿಡದ ಮಗು ಊಟದ ಮೇಜಿನಲ್ಲಿ ಜಗಳ ಆಡುವಷ್ಟು ಮಾತು ಕಲಿಯುತ್ತದೆ. ಇದಕ್ಕೆ ಬೆಲೆ ಕಟ್ಟುವುದು ಕಷ್ಟ. ಬ್ರೋಷರ್‌ನಲ್ಲಿರುವ ನೂರು ಬಾವುಟಗಳಿಗಿಂತ ನನಗೆ ಈ ಊಟದ ಮೇಜೇ ದೊಡ್ಡದು.

ಈ ಪದ್ಧತಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಿಂದ ಬಂದದ್ದು. ಅಮೆರಿಕದ ಯೇಲ್ 1933ರಲ್ಲಿ, ಟೆಕ್ಸಸ್‌ನ ರೈಸ್ 1957ರಲ್ಲಿ ಇದನ್ನು ತಂದುಕೊಂಡವು. ಬ್ರೆಮೆನ್‌ನ ಯೂನಿವರ್ಸಿಟಿ ಕಟ್ಟುವಾಗ ಕೈ ಹಿಡಿದದ್ದು ಇದೇ ರೈಸ್. ರೈಸ್‌ನಲ್ಲಿ ಹೊಸ ಮಕ್ಕಳನ್ನು ಜಾತಿ, ದುಡ್ಡು, ಗೆಳೆತನ ನೋಡದೆ ಬೇರೆ ಬೇರೆ ಮನೆಗಳಿಗೆ ಹಂಚುತ್ತಾರೆ. ನಮ್ಮ ಕಡೆ ಹಾಸ್ಟೆಲುಗಳು ಬಹಳಷ್ಟು ಹುಟ್ಟಿದ್ದೇ ಸಮಾಜದ ಹೆಸರಿನಲ್ಲಿ. ಅವು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಜನ ಹೈಸ್ಕೂಲೂ ದಾಟುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಅಲ್ಲಿ ನಾವು ನಮ್ಮವರ ಜೊತೆಗೇ ಉಂಡು, ನಮ್ಮವರ ಜೊತೆಗೇ ಓದಿ ಹೊರಬಂದೆವು. ನಿಮ್ಮ ಮಗಳಿಗೆ ಆ ಫೋಟೋದಲ್ಲಿ ಕಂಡದ್ದು ಇದರ ಆಚೆಯ ಬದುಕು ಅಂತ ನನಗನಿಸುತ್ತದೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ನಮ್ಮ ಕಡೆ ಇರಲಿಲ್ಲ ಅಂತ ಯಾರು ಹೇಳಿದರು? ಸೇಡಂನಿಂದ ಚಿತ್ತಾಪುರ ದೂರವೇನಲ್ಲ. ಅಲ್ಲೇ ಪಕ್ಕದಲ್ಲಿ ನಾಗಾವಿ. ಯಲ್ಲಮ್ಮನ ದರ್ಶನಕ್ಕೆ ಹೋದವರು ಅರವತ್ತು ಕಂಬದ ಗುಡಿ ನೋಡದೆ ವಾಪಸ್ ಬರುತ್ತಾರೆ, ಅದೊಂದು ಬೇಜಾರು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲಿ ಘಟಿಕಾಸ್ಥಾನ, ಅಂದರೆ ದೊಡ್ಡ ವಿದ್ಯಾಲಯ ಇತ್ತು. 1058ರ ಶಾಸನದಲ್ಲಿ ಲೆಕ್ಕ ಬರೆದಿದೆ: ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ, ಕಲಿಸುವ ಗುರುಗಳು, ಮೇಲೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕ ನೋಡಿಕೊಳ್ಳುವವರು. ಇನ್ನೂರೈವತ್ತು ಮಕ್ಕಳಿಗೆ ಆರು ಲೈಬ್ರರಿಯನ್! ಇವತ್ತು ನಮ್ಮ ಯಾವ ಡಿಗ್ರಿ ಕಾಲೇಜಿನಲ್ಲಿ ಇದ್ದಾರೆ ತೋರಿಸಿ. ಆದರೆ ಅಲ್ಲಿ ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ, ಅದೂ ನಿಜ. ನಡೆಸಿದ್ದು ಯಾರ ದುಡ್ಡು? ದತ್ತಿ ಬಿಟ್ಟ ಭೂಮಿಯದು.

ಬೀದರಿನ ಮಹಮೂದ್ ಗವಾನ್ ಮದರಸಾ ಅಂತೂ ಪಕ್ಕಾ ಇಂಟರ್‌ನ್ಯಾಷನಲ್. ಗವಾನ್ ಇರಾನಿನ ಗಿಲಾನ್ ಕಡೆಯಿಂದ ವ್ಯಾಪಾರಕ್ಕೆ ಬಂದು ಬಹಮನಿ ಸುಲ್ತಾನರ ವಜೀರನಾದವನು. 1472ರ ಸುಮಾರಿಗೆ ಮೂರು ಅಂತಸ್ತಿನ ಕಟ್ಟಡ ಎಬ್ಬಿಸಿದ. ಪಾಠದ ಹಾಲ್, ಮಕ್ಕಳ ಕೋಣೆ, ಗುರುಗಳ ಮನೆ, ಮೂರು ಸಾವಿರ ಹಸ್ತಪ್ರತಿಗಳಿದ್ದವು ಅನ್ನುವ ಪುಸ್ತಕ ಭಂಡಾರ, ಎಲ್ಲ ಒಂದೇ ಸೂರಿನಡಿ. ಪರ್ಷಿಯಾ ಕಡೆಯಿಂದ ವಿದ್ವಾಂಸರನ್ನು ಕರೆಸಿಕೊಂಡ. 1481ರಲ್ಲಿ ಸುಲ್ತಾನನೇ ಅವನ ತಲೆ ತೆಗೆಸಿದ. ಮುಂದೆ ಔರಂಗಜೇಬನ ಕಾಲದಲ್ಲಿ ಅಲ್ಲಿ ಸಿಡಿಮದ್ದು ತುಂಬಿಟ್ಟಿದ್ದರು, ಅದು ಸಿಡಿದು ಅರ್ಧ ಕಟ್ಟಡ ಹೋಯಿತು. ಈಗ ಒಂದೇ ಮಿನಾರು ನಿಂತಿದೆ, ಅದರ ಮೈಮೇಲೆ ನೀಲಿ ಹೆಂಚು ಅಲ್ಲಲ್ಲಿ ಉಳಿದಿದೆ.

ಇಷ್ಟು ಹೇಳಿದ್ದು ಸುಮ್ನೆ ಹೆಮ್ಮೆಪಡಲಿಕ್ಕಲ್ಲ. ಉಣ್ಣಿಸಿ, ಮಲಗಿಸಿ, ಓದಿಸುವ ವಿದ್ಯಾಲಯ ಬಹಳ ದುಬಾರಿ. ಮಕ್ಕಳ ಫೀಸಿನಿಂದ ಮಾತ್ರ ಅದು ನಡೆಯುವುದು ಬಲು ಅಪರೂಪ. ಹಿಂದೆ ಯಾವುದೋ ಗಂಟು ಇರಬೇಕು. ರೈಸ್‌ಗೆ ದೊಡ್ಡ ಇಡುಗಂಟು ಇತ್ತು. 1912ರಲ್ಲಿ ಶುರುವಾದ ಅದು 1960ರ ದಶಕದವರೆಗೂ ಮಕ್ಕಳಿಂದ ಪಾಠದ ಫೀಸನ್ನೇ ತೆಗೆದುಕೊಳ್ಳಲಿಲ್ಲ.

ಬ್ರೆಮೆನ್ ಕಥೆ ಬೇರೆ. ಜಾಗ ಹಳೆಯ ಮಿಲಿಟರಿ ಬ್ಯಾರಕ್ಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ನಿರಾಶ್ರಿತರ ಕ್ಯಾಂಪ್ ಇತ್ತು. 1999ರಲ್ಲಿ ಯೂನಿವರ್ಸಿಟಿ ಹುಟ್ಟಿತು, 2001ರಲ್ಲಿ ಪಾಠ ಶುರುವಾಯಿತು. ಹೆಸರು ಇಂಟರ್‌ನ್ಯಾಷನಲ್ ಯೂನಿವರ್ಸಿಟಿ ಬ್ರೆಮೆನ್. ಬ್ರೆಮೆನ್ ಸರ್ಕಾರ ದುಡ್ಡು ಹಾಕಿತು. ಅದು ಸಾಲದೆ ಬಂದಾಗ ಕಾಫಿ, ಚಾಕೊಲೇಟ್ ವ್ಯಾಪಾರದ ಯಾಕೋಬ್ಸ್ ಮನೆತನದ ಪ್ರತಿಷ್ಠಾನ 2006ರಲ್ಲಿ 20 ಕೋಟಿ ಯುರೋ ಕೊಡುವುದಾಗಿ ಹೇಳಿತು. ಮರುವರ್ಷ ಹೆಸರು ಯಾಕೋಬ್ಸ್ ಯೂನಿವರ್ಸಿಟಿ ಆಯಿತು. ಆಮೇಲೆ ಆ ಪ್ರತಿಷ್ಠಾನವೂ ಹಿಂದೆ ಸರಿಯಿತು, ಹೊಸ ಒಡೆತನ ಬಂತು. ಈಗ ಕನ್‌ಸ್ಟ್ರಕ್ಟರ್ ಯೂನಿವರ್ಸಿಟಿ. ಒಂದೇ ಅಂಗಳದಲ್ಲಿ ಓದಿದವರ ಸರ್ಟಿಫಿಕೇಟಿನಲ್ಲಿ ಮೂರು ಹೆಸರು. ಪಾಠ ಕಳಪೆ ಅಂತ ನಾನು ಹೇಳುತ್ತಿಲ್ಲ. ಸರ್ಕಾರದ ಮಾನ್ಯತೆ ಇರುವ ಜಾಗ, ಇಂಗ್ಲಿಷಿನಲ್ಲೇ ಕಲಿಸುತ್ತಾರೆ. ಆದರೆ ಅಷ್ಟು ದೊಡ್ಡ ಕುಳಗಳೇ ಭಾರ ಹೊತ್ತು ಇಳಿಸಿದ ಕಡೆ ಸೇಡಂನ ನಾಲ್ಕು ಎಕರೆ ತೊಗರಿ ಹೊಲ ಹೆಗಲು ಕೊಡುವುದು ಬೇಡ.

ಲೆಕ್ಕ ನೋಡಿ. ಡಿಗ್ರಿಯ ಫೀಸು ವರ್ಷಕ್ಕೆ 20,000 ಯುರೋ ಆಸುಪಾಸು. ಯುರೋಗೆ ನೂರು ರೂಪಾಯಿ ಹಿಡಿದರೂ 20 ಲಕ್ಷ. ಮೂರು ವರ್ಷ, ಮೇಲೆ ಊಟ, ಕೋಣೆ, ವಿಮೆ, ವಿಮಾನ. ಮುಕ್ಕಾಲು ಕೋಟಿ ದಾಟುತ್ತದೆ. ಸ್ಕಾಲರ್‌ಷಿಪ್ ಕೊಡುತ್ತಾರೆ, ಹೌದು. ಎಷ್ಟು ಪರ್ಸೆಂಟ್, ಮಾರ್ಕ್ಸ್ ಕಡಿಮೆಯಾದರೆ ಮುಂದಿನ ವರ್ಷ ಉಳಿಯುತ್ತದಾ ಅಂತ ಯೂನಿವರ್ಸಿಟಿಯಿಂದಲೇ ಬರಹದಲ್ಲಿ ತರಿಸಿಕೊಳ್ಳಿ. ಏಜೆಂಟರ ಬಾಯಿಮಾತು ಲೆಕ್ಕಕ್ಕಿಲ್ಲ.

ಏಜೆಂಟರು ನಿಮಗೆ ಬಹುಶಃ ಹೇಳದ ಮಾತು ಇನ್ನೊಂದಿದೆ. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳು ಬಹುತೇಕ ಕಡೆ ಪಾಠದ ಫೀಸು ಕೇಳುವುದಿಲ್ಲ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯುರೋ ಹಾಕುತ್ತದೆ, ಮ್ಯೂನಿಕ್‌ನ ತಾಂತ್ರಿಕ ಯೂನಿವರ್ಸಿಟಿಯೂ ಫೀಸು ಕೇಳುತ್ತದೆ. ಹಾಗಾದರೆ ಎಲ್ಲರೂ ಅಲ್ಲಿಗೇ ಯಾಕೆ ಹೋಗುವುದಿಲ್ಲ? ಬರೀ ಪಿಯುಸಿ ಮೇಲೆ ಅಲ್ಲಿ ನೇರ ಸೀಟು ಸಿಗುವುದು ಕಷ್ಟ. ಇಲ್ಲಿ ಒಂದಷ್ಟು ಡಿಗ್ರಿ ಓದಿರಬೇಕು, ಇಲ್ಲವೇ ಅಲ್ಲಿನ ತಯಾರಿ ಕೋರ್ಸು ಮಾಡಬೇಕು. ಡಿಗ್ರಿ ಪಾಠ ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿ. ಈ ಸಂದಿಯಲ್ಲೇ ಖಾಸಗಿಯವರಿಗೆ ಗಿರಾಕಿ ಸಿಗುವುದು. ಎಂ.ಎಸ್ಸಿ. ಮಟ್ಟಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಇಂಗ್ಲಿಷ್ ಕೋರ್ಸುಗಳು ಬೇಕಾದಷ್ಟಿವೆ, ಇಲ್ಲಿನ ಬಿ.ಇ. ಹಿಡಿದು ಅರ್ಜಿ ಹಾಕಬಹುದು. ಅಷ್ಟರಲ್ಲೂ ವೀಸಾಕ್ಕೆ ಒಂದು ವರ್ಷದ ಖರ್ಚು ಅಂತ 12,000 ಯುರೋ ಹತ್ತಿರ ಬ್ಯಾಂಕಿನಲ್ಲಿ ಕಟ್ಟಿ ತೋರಿಸಬೇಕು. ಅದು ನಿಮ್ಮದೇ ದುಡ್ಡು, ತಿಂಗಳು ತಿಂಗಳು ಮಗಳ ಕೈಗೇ ಬರುತ್ತದೆ.

ಹಾಗಾಗಿ ನನ್ನ ಮಾತು ಕೇಳುವುದಾದರೆ: ಸಿಇಟಿ ರ‍್ಯಾಂಕ್ ನೋಡಿ ಇಲ್ಲೇ ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಿ. ಕಲಬುರಗಿಯಲ್ಲಿ 1958ರಿಂದ ಪಿಡಿಎ ಇಂಜಿನಿಯರಿಂಗ್ ಕಾಲೇಜು ಇದೆ. ನಮ್ಮ ಭಾಗದ ಸೀಟುಗಳಲ್ಲಿ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371 ಜೆ ಮೀಸಲಾತಿ ಇದೆ, ಆ ಸರ್ಟಿಫಿಕೇಟ್ ಈಗಲೇ ಸಹಾಯಕ ಆಯುಕ್ತರ ಕಚೇರಿಯ ಕಡೆ ಓಡಾಡಿ ಮಾಡಿಸಿ. ನಾಲ್ಕು ವರ್ಷದಲ್ಲಿ ಜರ್ಮನ್ ಸ್ವಲ್ಪ ಸ್ವಲ್ಪ ಕಲಿಯಲಿ. ಆಮೇಲೆ ಹೋಗಲಿ. ಪರಿಶಿಷ್ಟ ಜಾತಿಯವರಾದರೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಷಿಪ್ ಸಿಗುವುದೂ ಮಾಸ್ಟರ್ಸ್, ಪಿಎಚ್.ಡಿ.ಗೇ, ಡಿಗ್ರಿಗಲ್ಲ.

ಹದಿನೆಂಟರಲ್ಲಿ ಸಿಗುವ ಆ ಊಟದ ಮೇಜು ಇಪ್ಪತ್ತೆರಡರಲ್ಲಿ ಹಾಗೇ ಸಿಗುವುದಿಲ್ಲ ಅಂತ ಮಗಳು ಜಗಳಕ್ಕೆ ಬರಬಹುದು. ಬಂದರೆ ಅವಳ ಮಾತಿನಲ್ಲಿ ನಿಜ ಇದೆ ಅಂತ ಒಪ್ಪಿಕೊಳ್ಳಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಾದರೂ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ದೇಶದ ಬೇರೆ ಬೇರೆ ರಾಜ್ಯದ ಮಕ್ಕಳು ಆಳಂದ ತಾಲ್ಲೂಕಿನ ಬಿಸಿಲಲ್ಲಿ ಕೂಡಿ ಓದುತ್ತಿದ್ದಾರೆ. ನಮ್ಮ ಮಠಗಳು, ಸಂಘಗಳು ಹೊಸ ಹಾಸ್ಟೆಲ್ ಕಟ್ಟುವಾಗ ಒಬ್ಬ ಪ್ರೊಫೆಸರ್‌ಗೆ ಒಳಗೇ ಮನೆ ಕೊಟ್ಟು, ಎಲ್ಲ ಸಮಾಜದ ಮಕ್ಕಳನ್ನು ಒಂದೇ ಪಂಕ್ತಿಗೆ ಕೂರಿಸಿದರೆ ಎಷ್ಟು ಖರ್ಚು ಜಾಸ್ತಿ ಆದೀತು? ಇದನ್ನು ಓದುವ ಆಡಳಿತ ಮಂಡಳಿಯವರು ಯಾರಾದರೂ ಲೆಕ್ಕ ಹಾಕಿ ಬರೆದರೆ ಮುಂದಿನ ಸಂಚಿಕೆಯಲ್ಲಿ ಜಾಗ ಕೊಡುತ್ತೇನೆ.

ಏಜೆಂಟರಿಗೆ ಮುಂಗಡ ಏನಾದರೂ ಕೊಟ್ಟಿದ್ದೀರಾ? ಪತ್ರದಲ್ಲಿ ಹೇಳಿಲ್ಲ. ಕೊಟ್ಟಿದ್ದರೆ ರಸೀದಿಯ ನಕಲು ಇಟ್ಟುಕೊಂಡು ಈ ವಾರವೇ ವಾಪಸ್ ಕೇಳಿ. ಆಗುವುದಿಲ್ಲ ಅಂದರೆ ಬಳಕೆದಾರರ ಆಯೋಗಕ್ಕೆ ಹೇಗೆ ಬರೆಯಬೇಕು ಅನ್ನುವುದನ್ನು ತಿಳಿಸುತ್ತೇನೆ, ನಮ್ಮ ಕಚೇರಿಗೆ ಒಂದು ಕಾಗದ ಹಾಕಿ.