ಉತ್ಸವಕ್ಕೆ ಸನ್ಯಾಸಿನಿಯ ಹೆಸರೇಕೆ?

ಮಾನ್ಯರೇ,

ಮೆಕ್ಸಿಕನ್ ಮಹಿಳೆಯರ ಸಾಧನೆಯನ್ನು ಗೌರವಿಸುವ ಷಿಕಾಗೋದ ಸೋರ್ ಹ್ವಾನಾ ಉತ್ಸವಕ್ಕೆ ಜಗತ್ಪ್ರಸಿದ್ಧ ಚಿತ್ರಕಲಾವಿದೆ ಫ್ರೀಡಾ ಕಾಲೋ ಅವರ ಹೆಸರನ್ನು ಬಿಟ್ಟು ಕ್ರೈಸ್ತ ಸನ್ಯಾಸಿನಿಯೊಬ್ಬರ ಹೆಸರನ್ನೇಕೆ ಇಟ್ಟರು ಎಂದು ಕೇಳಿದ್ದೀರಿ. ಪಿಲ್ಸೆನ್ ಬಡಾವಣೆಯ ಮೆಕ್ಸಿಕನ್ ಕಲಾ ವಸ್ತುಸಂಗ್ರಹಾಲಯ ರೂಪಿಸಿದ ಈ ಉತ್ಸವದಲ್ಲಿ ಹಲವು ಕಲೆಗಳಿಗೆ ಸ್ಥಾನವಿರುವುದರಿಂದ, ಕಾವ್ಯ, ನಾಟಕ, ಗೀತೆ ಮೂರನ್ನೂ ರಚಿಸಿದ ಸೋರ್ ಹ್ವಾನಾ ಇನೆಸ್ ದೆ ಲಾ ಕ್ರೂಸ್ ಅವರ ಹೆಸರು ಸಹಜವಾಗಿಯೇ ಒಪ್ಪುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಬಲವಾದ ಕಾರಣ ಅವರು 1691ರಲ್ಲಿ ಬರೆದ ಪತ್ರ.

ಧರ್ಮಗ್ರಂಥಗಳತ್ತ ಹೆಚ್ಚು ಗಮನ ಕೊಡಬೇಕೆಂದು ಮೆಕ್ಸಿಕೋದ ಪುಯೆಬ್ಲಾ ನಗರದ ಬಿಷಪ್ ನೀಡಿದ ಬುದ್ಧಿವಾದಕ್ಕೆ ಉತ್ತರವಾಗಿ, ಹೆಣ್ಣಿಗೂ ಓದುವ ಹಕ್ಕಿದೆಯೆಂದು ಅವರು ಅದರಲ್ಲಿ ವಾದಿಸಿದರು. ಮೂರನೆಯ ವಯಸ್ಸಿನಲ್ಲೇ ಅಕ್ಕನ ಹಿಂದೆ ಹೋಗಿ ಅಕ್ಷರ ಕಲಿತದ್ದನ್ನೂ, ವಿಶ್ವವಿದ್ಯಾಲಯಕ್ಕೆ ಹೋಗಲು ಹುಡುಗನ ಉಡುಪು ತೊಡಿಸೆಂದು ತಾಯಿಯನ್ನು ಕಾಡಿದ್ದನ್ನೂ, ಗಡುವಿನೊಳಗೆ ಪಾಠ ಬಾರದಿದ್ದರೆ ತಾವೇ ತಲೆಗೂದಲು ಕತ್ತರಿಸಿಕೊಳ್ಳುತ್ತಿದ್ದುದನ್ನೂ ಅಲ್ಲಿ ಹೇಳಿಕೊಂಡಿದ್ದಾರೆ. ಜ್ಞಾನವಿಲ್ಲದ ತಲೆಗೆ ಕೇಶಾಲಂಕಾರ ಸಲ್ಲದೆಂಬುದು ಅವರ ನಿಲುವಾಗಿತ್ತು. ಓದನ್ನು ನಿಷೇಧಿಸಿದಾಗಲೂ ಅವರ ಕಲಿಕೆ ನಿಲ್ಲಲಿಲ್ಲ. ಮೊಟ್ಟೆ ಬೆಣ್ಣೆಯಲ್ಲಿ ಗಟ್ಟಿಯಾಗುವುದನ್ನೂ ಸಕ್ಕರೆ ಪಾಕದಲ್ಲಿ ಒಡೆದು ಹೋಗುವುದನ್ನೂ ಗಮನಿಸಿ, ಅರಿಸ್ಟಾಟಲ್ ಅಡುಗೆ ಮಾಡಿದ್ದರೆ ಇನ್ನೂ ಹೆಚ್ಚು ಬರೆಯುತ್ತಿದ್ದನೆಂದು ಅವರು ಬರೆದರು. ಅಡುಗೆಮನೆಯನ್ನೇ ವಾದಕ್ಕೆ ಸಾಕ್ಷಿಯಾಗಿಸಿದ ಈ ಧೈರ್ಯ ನನಗೆ ಅಪಾರವಾಗಿ ಮೆಚ್ಚುಗೆಯಾಗಿದೆ.

1695ರಲ್ಲಿ ಸಾಂಕ್ರಾಮಿಕ ರೋಗ ತಗುಲಿದ ಸಹಸನ್ಯಾಸಿನಿಯರ ಶುಶ್ರೂಷೆ ಮಾಡುತ್ತಲೇ ಅವರು ತೀರಿಕೊಂಡರು. 2020ರಲ್ಲಿ ಹೊರಬಂದ ಮೆಕ್ಸಿಕೋದ 100 ಪೆಸೊ ನೋಟಿನಲ್ಲಿ ಅವರ ಭಾವಚಿತ್ರವಿದೆ. ಉತ್ಸವದ ಆಶಯವನ್ನು ತಿಳಿಯಬಯಸುವವರು ಮೊದಲು ಆ ಪತ್ರವನ್ನೇ ಓದಬೇಕೆಂದು ನನ್ನ ಸಲಹೆ.